ಮಾರ್ಕ್ಸು ರೆಸಿಪಿಗೆ ಕೊಡ್ರಿ, ಕೈಗಲ್ಲ

ಕೇಕ್ ಉಬ್ಬಲಿಲ್ಲ ಅಂದ್ರ ನಮ್ಮ ಮಂದಿ ಬಾಯಾಗ ಮೊದಲು ಬರೋ ಮಾತು ಒಂದ. "ಆಕಿ ಕೈಗುಣಾನ ಹಂಗ." ರೆಸಿಪಿ ಹೆಂಗಿತ್ತು ಅಂತ ಯಾರೂ ಕೇಳೂದಿಲ್ಲ. ವಾಟಗಾ ಎಷ್ಟು ದೊಡ್ಡದಿತ್ತು, ಬೇಕಿಂಗ್ ಪೌಡರ್ ಯಾವಾಗ ತಂದದ್ದು, ಓವನ್ ಕಾದಿತ್ತೋ ಇಲ್ಲೋ, ಇದ್ಯಾವುದೂ ಯಾರಿಗೂ ಬ್ಯಾಡ. ತಪ್ಪೆಲ್ಲಾ ಮಾಡಿದಾಕಿ ಕೈದು. ಅದ ಕೇಕ್ ಛಲೋ ಆತು ಅಂದ್ರ "ಅಯ್ಯ, ಆ ವಿಡಿಯೋದಾಗ ಎಷ್ಟು ಛಂದ ಹೇಳ್ಯಾರ ನೋಡು" ಅಂತ ಹೆಸರು ರೆಸಿಪಿಗೆ ಹೋಗ್ತದ.

ಈ ಲೆಕ್ಕ ಉಲ್ಟಾ ಅದ ಅನ್ನೋದು ನನ್ನ ಅಭಿಪ್ರಾಯ. ಸುಮ್ಮನ ಕೂತು ಹೇಳೋ ಮಾತಲ್ಲ ಇದು. ಹೋದ ಶ್ರಾವಣದಿಂದ ಸಂಕ್ರಾಂತಿತನಾ "ಭಾಳ ಸರಳ", "ಯಾರ ಬೇಕಾದ್ರೂ ಮಾಡಬಹುದು" ಅಂತ ಹೆಸರು ಹಚ್ಚಿಕೊಂಡ ಸಿಹಿ ಒಂದೊಂದ ಮಾಡಿ ನೋಡೇನಿ. ಎಲ್ಲಾ ತತ್ತಿ ಇಲ್ಲದ್ದು, ಯಾಕಂದ್ರ ನಮ್ಮ ಮನ್ಯಾಗ ತತ್ತಿ ನಡಿಯೂದಿಲ್ಲ. ಮಗನ ಹಳೇ ನೋಟಬುಕ್ಕಿನ್ಯಾಗ ಹಾಳಿ ಉಳಿದಿದ್ವು, ಅದರಾಗ ಎಲ್ಲಾದಕ್ಕೂ ಮಾರ್ಕ್ಸು ಬರದಿಟ್ಟೇನಿ. ಮಾರ್ಕ್ಸು ನನಗಲ್ಲ ಮತ್ತ, ರೆಸಿಪಿಗೆ.

ಯಾಕ ಇಷ್ಟು ಹಟ ಅಂದ್ರ, ನಮ್ಮ ಬಳಗದಾಗ ಒಬ್ಬ ಹುಡುಗಿ ಇದ್ದಾಳ. ಹೊಸಾದಾಗಿ ಲಗ್ನ ಆಗಿ ಹೋದಾಗ ಅವರವ್ವ ಕೇಕ್ ಮಾಡೋ ಓವನ್ ಕೊಡಿಸಿದ್ರು. ಮಾವನ ಹುಟ್ಟಿದ ದಿನಕ್ಕ ಉಮೇದಿಲೆ ಕೇಕ್ ಮಾಡಿದಳು. ಅದು ಏಳಲೇ ಇಲ್ಲ. ಯಾರೋ ಒಬ್ಬರು ಚಾಷ್ಟಿಗೆ "ಇಟ್ಟಂಗಿ ಆಗೇದ, ಕಂಪೌಂಡ್ ಕಟ್ಟಲಿಕ್ಕೆ ಇಟಗೋರಿ" ಅಂದ್ರಂತ. ಎಲ್ಲಾರೂ ನಕ್ಕರು. ಆಕೀನೂ ನಕ್ಕಳು. ಈಗ ಆ ಓವನ್ ಮ್ಯಾಲೆ ಹಪ್ಪಳದ ಡಬ್ಬಿ ಕೂತದ. ಮಂದಿ ಬಂದ್ರ ಶಿರಾ ಮಾಡೂದಕ್ಕೂ ಆಕಿ ಹಿಂದ ಸರೀತಾಳ. "ನನ್ನ ಕೈ ಸರಿ ಇಲ್ಲ ಮೌಶಿ, ನೀವ ಮಾಡ್ರಿ" ಅಂತಾಳ.

ಆ ರೆಸಿಪಿ ಆಕಿ ಫೋನಿನ್ಯಾಗ ಇನ್ನೂ ಇತ್ತು, ತಗೊಂಡು ಓದಿದೆ. ಮೈದಾ, ಸಕ್ರಿ, ಹಾಲು, ಎಣ್ಣಿ, ಒಂದು ಚಮಚ ಅಡಗಿ ಸೋಡಾ. ಇಷ್ಟ. ಮಸರಿಲ್ಲ, ನಿಂಬಿಹಣ್ಣಿಲ್ಲ, ವಿನೆಗರ್ ಇಲ್ಲ. ಸೋಡಾಕ್ಕ ಹುಳಿ ಸಿಕ್ಕರನ ಅದು ಸರಿಯಾಗಿ ಗಾಳಿ ಬಿಟ್ಟು ಹಿಟ್ಟು ಏಳಸ್ತದ. ಹುಳಿ ಇಲ್ಲದಿದ್ರ ಬರೇ ಕಾವಿಗೆ ಅಷ್ಟಿಷ್ಟು ಉಬ್ಬತದ, ಉಳಿದ ಸೋಡಾ ಕೇಕಿನ್ಯಾಗ ಕೂತು ಸಾಬಾಣದ ರುಚಿ ಬರ್ತದ, ಬಣ್ಣಾನೂ ಕೆಂಪಗಾಗ್ತದ. ಬೇಕಿಂಗ್ ಪೌಡರ್ ಬ್ಯಾರೆ. ಅದರಾಗ ಸೋಡಾದ ಜೋಡಿ ಹುಳಿ ಅಂಶದ ಪುಡೀನೂ ಕೂಡ್ಸಿರ್ತಾರ, ಅದಕ್ಕ ಅದು ಬರೇ ಹಾಲಿನ್ಯಾಗೂ ಕೆಲಸ ಮಾಡ್ತದ. ಈ ಎರಡಕ್ಕೂ ಇರೋ ಫರಕ್ ಬರೀದವರು ಬರೀಲಿಲ್ಲ. ಅಲ್ಲಿ ಬರದಂಗ ಯಾರು ಮಾಡಿದ್ರೂ ಇಟ್ಟಂಗೀನ ಆಗ್ತಿತ್ತು. ಬೈಸಿಗೊಂಡಾಕಿ ಮಾತ್ರ ಈ ಹುಡುಗಿ.

ಇಲ್ಲೆ ಹಿರ್ಯಾರು ಒಂದು ಮಾತು ಹೇಳ್ತಾರ. "ಅಳತಿ ನೋಡಿ ಮಾಡೋದು ಅಡಗಿ ಏನ? ನಾವೇನು ತೂಗಿ ಹಾಕ್ತಿದ್ವಿ?" ಖರೆ ಅದ. ಆದ್ರ ಹುಳಿ, ಪಲ್ಯಾ ಬ್ಯಾರೆ, ಕೇಕ್ ಬ್ಯಾರೆ. ಹುಳಿ ಕುದಿಯೋ ಮುಂದ ಸೌಟಿನ್ಯಾಗ ತಗೊಂಡು ನೋಡ್ತೇವಿ, ಉಪ್ಪು ಕಡಿಮಿ ಆದ್ರ ಹಾಕ್ತೇವಿ, ಬೆಲ್ಲಾ ಬೇಕಂದ್ರ ಹಾಕ್ತೇವಿ. ಕೇಕ್ ಒಳಗಿಟ್ಟು ಬಾಗಲಾ ಹಾಕಿದ ಮ್ಯಾಲೆ ಏನೂ ಮಾಡಲಿಕ್ಕೆ ಬರೂದಿಲ್ಲ. ನಡುವ ತಗದು ನೋಡಿದ್ರ ಕಾವು ಇಳದು ನಡಬರಕ ಕುಸೀತದ. ತಿದ್ದಲಿಕ್ಕೆ ದಾರಿ ಇಲ್ಲದ ಅಡಗಿಗೆ ಅಳತಿ ಮೊದಲ ಸರಿ ಇರಬೇಕು.

ಮತ್ತ ಹಿರ್ಯಾರ ಅಂದಾಜು ಅಂದ್ರ ಅದೂ ಅಳತೀನ ಇತ್ತು ನೋಡ್ರಿ. ನಮ್ಮ ಅತ್ತಿಯವರು ಬೇಸನ್ ಉಂಡಿಗೆ ಯಾವತ್ತೂ ಒಂದ ಹಿತ್ತಾಳಿ ವಾಟಗಾ ತಗೋತಿದ್ರು. ಆ ವಾಟಗಾ ಬಿಟ್ಟು ಬ್ಯಾರೆ ಮುಟ್ತಿದ್ದಿಲ್ಲ. ಮೂವತ್ತು ವರ್ಷ ಒಂದ ವಾಟಗಾ, ಒಂದ ಸೌಟು, ಒಂದ ಒಲಿ. ಕೈ ಪಳಗಿತ್ತು ಖರೆ, ಆದ್ರ ಆ ವಾಟಗಾನೂ ಪಳಗಿತ್ತು. ಸೊಸಿಗೆ ಅಂದಾಜು ಹೇಳಿ ವಾಟಗಾ ಕೊಡದಿದ್ರ ಆಕಿ ಏನು ಮಾಡಬೇಕು?

ಪರದೇಶದಾಗೂ ಇದ ಹಣೇಬಾರ ಇತ್ತು. ಅಲ್ಲಿ ಅಡಗಿ ಪುಸ್ತಕದಾಗ ಹಿಂದಕ್ಕ "ಒಂದು ಚಾದ ಕಪ್ಪು", "ಅಕ್ರೋಟಿನಷ್ಟು ಬೆಣ್ಣಿ" ಅಂತ ಬರೀತಿದ್ರು. ಅಮೆರಿಕಾದ ಬಾಸ್ಟನ್ ಊರಾಗ ಫ್ಯಾನಿ ಫಾರ್ಮರ್ ಅನ್ನೋ ಬಾಯಿ ಅಡಗಿ ಶಾಲಿ ನಡಸ್ತಿದ್ರು. 1896ರಾಗ ಅವರು ಬರದ ಪುಸ್ತಕದಾಗ ಎಲ್ಲಾದಕ್ಕೂ ಸಪಾಟು ಅಳತಿ ಹಾಕಿದ್ರು. ಕಪ್ಪು ತುಂಬಿ ಮ್ಯಾಲೆ ಚಾಕುಲೆ ಎಳೀಬೇಕು, ಗುಡ್ಡಾ ಮಾಡಿ ಹಾಕಬಾರದು. ಇಷ್ಟ ಸಣ್ಣ ಮಾತು, ಆದ್ರ ಅವ್ವನ ಹತ್ರ ಕಲೀಲಿಕ್ಕೆ ಸಿಗದ ಹುಡುಗಿಗೂ ಪುಸ್ತಕ ನೋಡಿ ಮಾಡಲಿಕ್ಕೆ ಧೈರ್ಯ ಬಂತು. ಅಳತಿ ಅಂದ್ರ ಕಂಜೂಸತನ ಅಲ್ಲ, ಗೊತ್ತಿಲ್ಲದಾಕಿ ಕೈ ಹಿಡದು ಕಲಿಸೋದು ಅಂತ ನಾ ಅನ್ಕೋತೇನಿ.

ಈಗ ನನ್ನ ಮಾರ್ಕ್ಸಿನ ಲೆಕ್ಕ. ಒಟ್ಟು 10. ಅಳತಿ ಸರಿಯಾಗಿ ಬರದಿದ್ರ 3. ಸಾಮಾನು ಮನ್ಯಾಗ ಅಥವಾ ಓಣಿ ಅಂಗಡ್ಯಾಗ ಸಿಕ್ಕರ 2. ದಗದ ಕಡಿಮಿ ಇದ್ರ 2. ದಗದ ಅಂದ್ರ ಬರೇ ಕಲಿಸೋದಲ್ಲ, ಆಮ್ಯಾಲೆ ಸಿಂಕಿನ್ಯಾಗ ಬೀಳೋ ಭಾಂಡೆನೂ ಎಣಿಸೇನಿ. "ಐದ ನಿಮಿಷದ ಸಿಹಿ" ಅಂತ ಹೇಳೋರು ಭಾಂಡೆ ತಿಕ್ಕೋ ಅರ್ಧ ತಾಸು ಯಾವತ್ತೂ ಹೇಳೂದಿಲ್ಲ. ರುಚಿಗೆ 3, ಅದೂ ಬಿಸಿ ಇದ್ದಾಗ ಅಷ್ಟ ಅಲ್ಲ, ಮರುದಿನ ಮುಂಜಾನೆ ತಿಂದು ನೋಡಿ ಕೊಟ್ಟದ್ದು.

ಎಲ್ಲಾದಕ್ಕಿಂತ ಕೆಳಗ ಬಂದದ್ದು ಮಾವಿನಹಣ್ಣಿನ ಪುಡಿಂಗು. 4 ಮಾರ್ಕ್ಸು. ಫ್ರಿಜ್ಜಿನ್ಯಾಗ ಉಳಿದಿದ್ದ ಮಾವಿನ ರಸದ್ಲೆ ಮಾಡಿದ್ದು, ರುಚಿ ಛಲೋನ ಇತ್ತು, 2 ಕೊಟ್ಟೇನಿ. ಆದ್ರ ಅದರಾಗ "ಜೆಲಟಿನ್ ಅಥವಾ ಚೈನಾ ಗ್ರಾಸ್, ಯಾವುದಾದರೂ ಹಾಕಿ" ಅಂತ ಬರದಿತ್ತು. ಯಾವುದಾದರೂ ಹೆಂಗ ಆಗ್ತದ್ರಿ? ಜೆಲಟಿನ್ ಪ್ರಾಣಿ ಚರ್ಮ, ಎಲುಬಿನಿಂದ ತಗೀತಾರ. ಚೈನಾ ಗ್ರಾಸ್ ಸಮುದ್ರದ ಪಾಚಿಯಿಂದ ಆಗಿದ್ದು. ನಮ್ಮಂಥಾ ಮನಿಗೆ ಈ ಒಂದು ಮಾತು ಎಲ್ಲಾದಕ್ಕಿಂತ ಮುಖ್ಯ. ಎರಡೂ ಹಾಕೋ ರೀತೀನೂ ಬ್ಯಾರೆ. ಚೈನಾ ಗ್ರಾಸ್ ನೀರಾಗ ನೆನಸಿ, ಪೂರಾ ಕರಗೋತನಾ ಕುದಿಸಬೇಕು, ಅದು ಹೊರಗಿಟ್ಟರೂ ಗಟ್ಟಿ ಆಗ್ತದ. ಜೆಲಟಿನ್ ಕುದಿಸಬಾರದು, ಅದಕ್ಕ ಫ್ರಿಜ್ಜು ಬೇಕು. ಎರಡನ್ನೂ ಒಂದ ಸಾಲಿನ್ಯಾಗ ಬರದವರಿಗೆ ಅಳತಿದು 1, ದಗದದ್ದು 1, ಸಾಮಾನಿಂದು ಸೊನ್ನಿ.

ಬಿಸ್ಕಿಟ್ ಕೇಕ್. 5 ಮಾರ್ಕ್ಸು. ಲಾಕ್‌ಡೌನ್ ದಿನದಾಗ ಎಲ್ಲಾರ ಮನ್ಯಾಗೂ ಆದದ್ದು ಇದು. "ಮೂರೇ ಸಾಮಾನು" ಅಂತಾರ. ಬಿಸ್ಕಿಟ್ಟು, ಹಾಲು, ಹೊಟ್ಟಿಗೆ ತಗೋಳೋ ಫ್ರೂಟ್ ಸಾಲ್ಟ್. ಖರೆ ಹೇಳಬೇಕಂದ್ರ ಆ ಬಿಸ್ಕಿಟ್ಟಿನ್ಯಾಗನ ಮೈದಾ, ಸಕ್ರಿ, ಎಣ್ಣಿ, ಸೋಡಾ ಎಲ್ಲಾ ಅದ. ಪಾಕೀಟು ಹೊಳ್ಳಿಸಿ ಓದಿದ್ರ ಮೂರಲ್ಲ, ಹತ್ತು ಸಾಮಾನು. "ಎರಡು ಪಾಕೀಟು" ಅನ್ನೋದೂ ಅಳತಿ ಅಲ್ಲ. ರೇಟು ಅಷ್ಟ ಇಟ್ಟು ಪಾಕೀಟಿನ ತೂಕ ಕಡಿಮಿ ಮಾಡಿಕೋತ ಬಂದಾರ, ನಮ್ಮೆಲ್ಲರಿಗೂ ಗೊತ್ತಿದ್ದದ್ದ. ಎಷ್ಟು ಗ್ರಾಂ ಅಂತ ಬರದಿಲ್ಲ, ಅದಕ್ಕ ಅಳತಿಗೆ ಸೊನ್ನಿ. ಸಾಮಾನು ಸಿಗ್ತದ, 2. ದಗದ ಇಲ್ಲ, 2. ರುಚಿ 1, ಯಾಕಂದ್ರ ಎಷ್ಟು ಮಾಡಿದ್ರೂ ಹಾಲಾಗ ಅದ್ದಿದ ಬಿಸ್ಕಿಟ್ಟಿನ ರುಚೀನ ಅದು.

ಎರಡು ನಿಮಿಷದ ಮಗ್ ಕೇಕ್. 6 ಮಾರ್ಕ್ಸು. ಚಾ ಕುಡಿಯೋ ಮಗ್ಗಿನ್ಯಾಗನ ಕಲಿಸಿ ಮೈಕ್ರೋವೇವಿನ್ಯಾಗ ಇಡೋದು. ಭಾಂಡೆ ಒಂದ, ಚಮಚಾ ಒಂದ. ಆದ್ರ ಮೈಕ್ರೋವೇವ್ ಎಲ್ಲಾ ಒಂದ ಥರ ಇರೂದಿಲ್ಲ. ಒಬ್ಬರ ಮನ್ಯಾಗ 700 ವ್ಯಾಟ್ ಇದ್ರ ಇನ್ನೊಬ್ಬರ ಮನ್ಯಾಗ 900 ಇರ್ತದ. ಎರಡು ನಿಮಿಷಕ್ಕ ಒಂದರಾಗ ಹಸಿ, ಇನ್ನೊಂದರಾಗ ರಬ್ಬರ್. ಬಿಸಿ ಬಿಸಿ ತಿಂದ್ರ ಸೈ, ಹತ್ತು ನಿಮಿಷ ಬಿಟ್ಟರ ಗಟ್ಟಿ. ಆದ್ರೂ ಈ ರೆಸಿಪಿ ಮ್ಯಾಲೆ ನನಗ ಒಂದು ಮಮತಾ ಅದ. ನಾ ಓದಿದ ಎಲ್ಲಾ ರೆಸಿಪ್ಯಾಗ "ಒಬ್ಬರಿಗೆ" ಅಂತ ಬರದಿದ್ದು ಇದೊಂದ. ಎಲ್ಲಾರೂ ಹೊರಗ ಹೋದ ಮ್ಯಾಲೆ ಮಧ್ಯಾಹ್ನ ನಾಕಕ್ಕ ತನಗಂತ ಒಬ್ಬಾಕಿ ಏನಾದರೂ ಮಾಡಿಕೊಂಡು ತಿಂದ್ರ ಅದರಾಗ ಏನೂ ತಪ್ಪಿಲ್ಲ.

ಬಾಳೆಹಣ್ಣಿನ ಕೇಕ್. 7 ಮಾರ್ಕ್ಸು. ರುಚಿಗೆ ಪೂರಾ 3. ಹಣ್ಣು ಸಿಪ್ಪಿ ಕರ್ರಗಾಗಿ ಯಾರೂ ತಿನ್ನದಂಗ ಆದಾಗನ ಇದಕ್ಕ ಛಲೋ, ಏನೂ ಚೆಲ್ಲೋ ಪ್ರಸಂಗ ಇಲ್ಲ. ಅಳತಿಗೆ ಮಾತ್ರ 1. "ಎರಡು ಬಾಳೆಹಣ್ಣು" ಅಂತ ಬರದಾರ. ಯಾವ ಬಾಳೆಹಣ್ಣು? ಉದ್ದಂದು ಎರಡು ನುರಿಸಿದ್ರ ಹತ್ರ ಹತ್ರ ಒಂದು ಕಪ್ಪಾಗ್ತದ. ನಮ್ಮ ಯಾಲಕ್ಕಿ ಬಾಳೆ ಎರಡು ನುರಿಸಿದ್ರ ಅರ್ಧ ಕಪ್ಪೂ ತುಂಬೂದಿಲ್ಲ. ಅಷ್ಟು ಸಣ್ಣ ಹಣ್ಣು ಹಾಕಿದಾಕಿ ಕೇಕ್ ಒಣಾ ಆಗೋದ ಸೈ, ಮತ್ತ ಬೈಸಿಗೊಳ್ಳೋದು ಆಕಿ ಕೈ. "ನುರಿಸಿದ ಹಣ್ಣು 1 ಕಪ್" ಅಂತ ಬರದಿದ್ರ ಮುಗೀತಿತ್ತು. ನುರಿಸೋದು, ಜರಡಿ ಹಿಡಿಯೋದು ಅಂತ ಮೂರು ಭಾಂಡೆ ಆಗ್ತಾವ, ದಗದಕ್ಕ 1. ಸಾಮಾನಿಗೆ 2.

ನಾನ್‌ಕಟಾಯಿ. 8 ಮಾರ್ಕ್ಸು. ನಾವು ಸಣ್ಣವರಿದ್ದಾಗ ದೀಪಾವಳಿ ಮುಂದ ಡಬ್ಬ್ಯಾಗ ಹಿಟ್ಟು, ತುಪ್ಪ, ಸಕ್ರಿ ಹೊತಗೊಂಡು ಬೇಕರಿ ಭಟ್ಟಿಗೆ ಹೋಗಿ ಮಾಡಿಸಿಕೊಂಡು ಬರ್ತಿದ್ವಿ. ಆ ವಾಸನಿ ಈಗ ಮನ್ಯಾಗ ಬರ್ತದಲ್ಲ, ಅದಕ್ಕ ರುಚಿಗೆ 3 ಕೊಡದ ಇರಲಿಕ್ಕೆ ಆಗಲಿಲ್ಲ. ಸಾಮಾನಿಗೂ 2. ನಾ ನೋಡಿದ ರೆಸಿಪಿ ಬರದಾಕಿ ಒಂದು ಶಾಣ್ಯಾತನದ ಮಾತು ಬರದಿದ್ದಳು. "ಹೊರಗೆ ತೆಗೆದಾಗ ಮೆತ್ತಗೇ ಇರುತ್ತದೆ, ಆರಿದ ಮೇಲೆ ಗರಿಗರಿ ಆಗುತ್ತದೆ, ಮತ್ತೆ ಒಳಗೆ ಇಡಬೇಡಿ." ಈ ಒಂದು ಸಾಲು ಎಷ್ಟು ಮಂದಿ ಬಿಸ್ಕಿಟ್ಟು ಹೊತ್ತೋದನ್ನ ಉಳಿಸಿರಬೇಕು! ಆದ್ರ ತುಪ್ಪ ಕರಗಿದ್ದೋ ಗಟ್ಟೀದೋ ಅಂತ ಹೇಳಿದ್ದಿಲ್ಲ. ಗಟ್ಟಿ ತುಪ್ಪಾನ ಬೇಕು, ಕರಗಿದ್ದು ಹಾಕಿದ್ರ ಎಲ್ಲಾ ಹರದು ದೋಸಿ ಆಗ್ತಾವ. ಅದಕ್ಕ ಅಳತಿಗೆ 2. ಉಂಡಿ ಕಟ್ಟಿ ಎರಡು ಸಲ ತಟ್ಟಿ ಹಾಕೋದಕ್ಕ ದಗದ 1.

ಕಸ್ಟರ್ಡ್. ಇದಕ್ಕೂ 8. ಡಬ್ಬಿ ಮ್ಯಾಲೆ ಬರದಂಗ ಮಾಡಿದೆ, ಮತ್ತೇನೂ ಇಲ್ಲ. ಅರ್ಧ ಲೀಟರ್ ಹಾಲಿಗೆ 2 ದೊಡ್ಡ ಚಮಚ ಪುಡಿ, ಆ ಪುಡಿ ತಣ್ಣಗಿನ ಹಾಲಾಗ ಕಲಿಸಿ ಹಾಕಬೇಕು ಅಂತ ಸ್ವಚ್ಛ ಬರದಾರ. ಬಿಸಿ ಹಾಲಿಗೆ ಪುಡಿ ಸುರುವಿದ್ರ ಗಂಟು ಗ್ಯಾರಂಟಿ. ಅಳತಿಗೆ 3, ಪುಡಿ ಬ್ಯಾರೆ ತರಬೇಕಲ್ಲ ಅಂತ ಸಾಮಾನಿಗೆ 1, ದಗದ 2, ರುಚಿ 2.

ಈ ಕಸ್ಟರ್ಡ್ ಪುಡೀದು ಒಂದು ಕಥಿ ಅದ, ನನಗ ಭಾಳ ಸೇರ್ತದ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಊರಾಗ ಆಲ್ಫ್ರೆಡ್ ಬರ್ಡ್ ಅಂತ ಔಷಧ ಅಂಗಡಿಯವ ಇದ್ದ. ಕಸ್ಟರ್ಡಿಗೆ ಅಲ್ಲೆ ತತ್ತಿ ಹಾಕ್ತಿದ್ರು, ಅವನ ಹೆಂಡ್ತಿಗೆ ತತ್ತಿ ಆಗಿಬರ್ತಿದ್ದಿಲ್ಲ. 1837ರಾಗ ತತ್ತಿ ಬದಲಿ ಮೆಕ್ಕಿಜೋಳದ ಹಿಟ್ಟಿನ ಪುಡಿ ಮಾಡಿದ. ಬ್ರೆಡ್ಡಿಗೆ ಹಾಕೋ ಈಸ್ಟೂ ಆಕಿಗೆ ಆಗ್ತಿದ್ದಿಲ್ಲ, ಅದಕ್ಕ 1843ರಾಗ ಬೇಕಿಂಗ್ ಪೌಡರ್ ಮಾಡಿದ. ನೋಡ್ರಿ, ಹೆಂಡ್ತಿಗೆ ಆಗೂದಿಲ್ಲ ಅಂದಾಗ ಆಂವ ಹೆಂಡ್ತೀನ ಬೈಲಿಲ್ಲ. ರೆಸಿಪಿ ಬದಲು ಮಾಡಿದ. ತತ್ತಿ ತಿನ್ನದ ನಮ್ಮ ಮನಿಗೆ ಇವತ್ತಿಗೂ ಅದರ ಉಪಯೋಗ ಆಗ್ಲಿಕತ್ತದ.

ಎಲ್ಲಾದಕ್ಕಿಂತ ಮ್ಯಾಲೆ ಬಂದದ್ದು ರವಾ ಕೇಕ್. 9 ಮಾರ್ಕ್ಸು. ಒಂದು ಕಡಿಮಿ ಯಾಕಂದ್ರ ಮರುದಿನಕ್ಕ ಸ್ವಲ್ಪ ಒಣಾ ಅನಸ್ತದ, ಹಾಲಿನ ಜೋಡಿ ತಿನ್ನಬೇಕು. ಓದಿದಾಕಿಗೆ ಅನುಮಾನ ಬರದಂಗ ಬರದಾರ ಅಂತ ಇದಕ್ಕ ಮೊದಲ ನಂಬರ್. ರೆಸಿಪಿ ಹೆಂಗ ಬರೀಬೇಕು ಅನ್ನೋದಕ್ಕ ಇಲ್ಲೆ ನನ್ನ ಮಾತಿನ್ಯಾಗ ಹೇಳ್ತೇನಿ.

ಕಪ್ ಅಂದ್ರ 240 ಮಿ.ಲೀ., ಟೀ ಚಮಚ ಅಂದ್ರ 5 ಮಿ.ಲೀ., ಎಲ್ಲಾ ಸಪಾಟು. ಸಣ್ಣ ರವಾ 1 ಕಪ್, ಸಕ್ರಿ ಅರ್ಧ ಕಪ್, ಹುಳಿ ಇಲ್ಲದ ಮಸರು ಅರ್ಧ ಕಪ್, ಹಾಲು ಅರ್ಧ ಕಪ್, ಎಣ್ಣಿ ಅಥವಾ ಕಾಸಿದ ತುಪ್ಪ ಕಾಲು ಕಪ್, ಒಂದು ಚಿಟಿಕಿ ಉಪ್ಪು, ಯಾಲಕ್ಕಿ ಪುಡಿ. ಇಷ್ಟೂ ಕಲಿಸಿ ಅರ್ಧ ತಾಸು ಮುಚ್ಚಿ ಇಡಬೇಕು, ರವಾ ನೆನೀತದ. ಆಮ್ಯಾಲೆ ನೋಡಿದ್ರ ಇಡ್ಲಿ ಹಿಟ್ಟಿನ ಹದ ಇರಬೇಕು, ಅದಕ್ಕಿಂತ ಗಟ್ಟಿ ಆಗಿದ್ರ ಎರಡು ದೊಡ್ಡ ಚಮಚ ಹಾಲು. ಓವನ್ 180 ಡಿಗ್ರಿಗೆ ಹತ್ತು ನಿಮಿಷ ಮೊದಲ ಕಾಯಲಿಕ್ಕೆ ಇಟ್ಟು, ಆಮ್ಯಾಲೆ ಹಿಟ್ಟಿಗೆ 1 ಟೀ ಚಮಚ ಬೇಕಿಂಗ್ ಪೌಡರ್, ಕಾಲು ಟೀ ಚಮಚ ಅಡಗಿ ಸೋಡಾ ಹಾಕಿ ಹಗೂರಕ ಕಲಿಸಬೇಕು. ತುಪ್ಪ ಸವರಿದ 6 ಇಂಚಿನ ಡಬ್ಬ್ಯಾಗ ಸುರುವಿ ತಕ್ಷಣ ಒಳಗ ಇಡಬೇಕು. ಪೌಡರ್ ಹಾಕಿದ ಮ್ಯಾಲೆ ಫೋನ್ ಬಂದ್ರೂ ಎತ್ತಬ್ಯಾಡ್ರಿ, ಗಾಳಿ ಹೋಗಿಬಿಡ್ತದ. 30ರಿಂದ 35 ನಿಮಿಷ. ಕಡ್ಡಿ ಚುಚ್ಚಿದ್ರ ಒಣಾ ಬರಬೇಕು. ಪೂರಾ ಆರಿದ ಮ್ಯಾಲೆ ಹೆಚ್ಚಬೇಕು.

ಓವನ್ ಇಲ್ಲದವರು ಹಳೇ ಕುಕ್ಕರಿನ್ಯಾಗ ಮಾಡ್ರಿ. ರಬ್ಬರ್, ಸೀಟಿ ಎರಡೂ ತಗೀರಿ, ನೀರು ಹಾಕಬ್ಯಾಡ್ರಿ. ತಳಕ್ಕ ಉಪ್ಪು ಹಾಸಿ, ಮ್ಯಾಲೊಂದು ಸ್ಟ್ಯಾಂಡ್ ಇಟ್ಟು, ಹತ್ತು ನಿಮಿಷ ಕಾಸಿ, ಸಣ್ಣ ಉರಿ ಮ್ಯಾಲೆ 40ರಿಂದ 45 ನಿಮಿಷ. ಹೊಸಾ ಕುಕ್ಕರ್ ಇದಕ್ಕ ಬಳಸಬ್ಯಾಡ್ರಿ, ನೀರಿಲ್ಲದ ಕಾವಿಗೆ ತಳಾ ಹಾಳಾಗ್ತದ.

ಅಳತಿ ಕಪ್ಪು ಇಲ್ಲಲ್ಲ ಅನ್ನೋ ವೈನಿಯವರಿಗೆ ಒಂದು ಉಪಾಯ. ಅರ್ಧ ಲೀಟರ್ ಹಾಲಿನ ಪಾಕೀಟು ಒಡದು ನಿಮ್ಮ ವಾಟಗಾಕ್ಕ ಸುರುವಿ ನೋಡ್ರಿ. ಎರಡು ಸಲ ತುಂಬಿ ಪಾಕೀಟಿನ್ಯಾಗ ಒಂದೆರಡು ಗುಟುಕು ಉಳೀತಂದ್ರ ಅದು 240ರ ಕಪ್ಪು. ಮೂರು ಸಲ, ನಾಕು ಸಲ ತುಂಬಿತಂದ್ರ ಅದು ಸಣ್ಣದು, ಆ ವಾಟಗಾ ಹಿಡದ್ರೂ ಎಲ್ಲಾದಕ್ಕೂ ಅದನ್ನ ಹಿಡೀರಿ, ಸೋಡಾ, ಪೌಡರ್ ಅಷ್ಟ ಪ್ರಮಾಣದಾಗ ಕಡಿಮಿ ಮಾಡ್ರಿ. ಟೀ ಚಮಚಕ್ಕ ಕೆಮ್ಮಿನ ಔಷಧದ ಮುಚ್ಚಳ ಆಗ್ತದ, ಅದರ ಮ್ಯಾಲೆ 5 ಮಿ.ಲೀ. ಗೆರಿ ಇರ್ತದ. ಬೇಕಿಂಗ್ ಪೌಡರ್ ಹಳೇದಿದ್ರ ಅರ್ಧ ಚಮಚ ಬಿಸಿ ನೀರಿಗೆ ಹಾಕ್ರಿ, ಬುರಬುರ ಅಂದ್ರ ಜೀವಾ ಅದ, ಸುಮ್ಮನ ಕೂತ್ರ ಚೆಲ್ರಿ.

ನನ್ನ ಮಾತು ಇಷ್ಟ. ಕೈಗುಣ ಅನ್ನೋದು ಇಲ್ಲಂತ ನಾ ಹೇಳೂದಿಲ್ಲ. ಹತ್ತು ಸಲ ಮಾಡಿದ ಕೈಗೆ ಹದ ಗೊತ್ತಾಗ್ತದ, ಅದನ್ನ ಕೈಗುಣ ಅನ್ನೋಣ. ಆದ್ರ ಹನ್ನೊಂದನೇ ಸಲದ ಕೈ ತೋರಿಸಿ ಒಂದನೇ ಸಲದ ಕೈ ಹಳಿಯೋದು ನ್ಯಾಯ ಅಲ್ಲ. ಯಾರದರ ಕೇಕ್ ಕೂತದ ಅಂದ್ರ ನಗೋಕಿಂತ ಮೊದಲ "ಯಾವ ರೆಸಿಪಿ, ತೋರಸು" ಅಂತ ಕೇಳ್ರಿ. ಮತ್ತ ನೀವು ಮಗಳಿಗೆ, ಸೊಸಿಗೆ ಉಂಡಿಯೋ ಚಕ್ಕುಲಿಯೋ ಹೇಳಿಕೊಡೋ ಮುಂದ "ಅಂದಾಜಿಲೆ ಹಾಕು" ಅಂತ ಫೋನ್ ಇಡಬ್ಯಾಡ್ರಿ. ಯಾವ ವಾಟಗಾ, ಎಷ್ಟು ಹೊತ್ತು, ಎಂಥಾ ಉರಿ, ಕೆಟ್ಟರ ಏನು ಕಾರಣ, ಈ ನಾಕು ಮಾತು ಹೇಳ್ರಿ. ಆ ಹಿತ್ತಾಳಿ ವಾಟಗಾ ಇನ್ನೂ ಇದ್ರ ಅದನ್ನೂ ಕೊಟ್ಟು ಕಳಸ್ರಿ.

ರವಾ ಕೇಕ್ ಯಾರರ ಮಾಡಿ ನೋಡಿದ್ರ ಎಷ್ಟು ಮಾರ್ಕ್ಸು ಅಂತ ನನಗ ಹೇಳ್ರಿ. ನನ್ನ 9 ನಿಮ್ಮ ಮನ್ಯಾಗ 6 ಆದ್ರೂ ಸಿಟ್ಟಿಲ್ಲ. ಎಲ್ಲಿ ಕಡಿಮಿ ಬಿತ್ತು ಅಂತ ಕೂಡಿ ನೋಡೋಣ.